ತಾಳೆ ನೋಡಿದಿರಾ?

ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಹತ್ತನೇ ತರಗತಿಯಲ್ಲಿದ್ದಾನೆ. ವರ್ಗಸಮೀಕರಣದ ಲೆಕ್ಕ ಮಾಡುವಾಗಲೆಲ್ಲ ಅವನಿಗೆ ಎರಡು ಉತ್ತರ ಬರುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದರ ಮೇಲೆ ಗೀಟು ಎಳೆದುಬಿಡುತ್ತಾನೆ. ಯಾಕಪ್ಪಾ ಹೊಡೆದುಹಾಕಿದೆ ಎಂದು ಕೇಳಿದರೆ, "ಮೈನಸ್ ಬಂದರೆ ಹೊಡೆದುಹಾಕಬೇಕು, ಸಾರ್ ಹೇಳಿದ್ದಾರೆ" ಎನ್ನುತ್ತಾನಂತೆ. ಒಂದೇ ಸಮೀಕರಣದಿಂದ ಹುಟ್ಟಿದ ಎರಡು ಉತ್ತರಗಳಲ್ಲಿ ಒಂದನ್ನು ಮಾತ್ರ ಒಳಗೆ ಕರೆದು ಇನ್ನೊಂದನ್ನು ಬಾಗಿಲಲ್ಲೇ ತಡೆಯುವುದು ಯಾವ ನ್ಯಾಯ ಎಂಬುದು ತಂದೆಯ ಪ್ರಶ್ನೆ. ತಾವು ಓದಿದ್ದು ಪಿಯುಸಿ ಕಲಾ ವಿಭಾಗ, ತಪ್ಪು ಕೇಳಿದ್ದರೆ ಕ್ಷಮಿಸಿ ಎಂದೂ ಬರೆದಿದ್ದಾರೆ.

ತಪ್ಪು ಕೇಳಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ನನ್ನನ್ನು ತರಗತಿಯಲ್ಲಿ ಈ ಪ್ರಶ್ನೆ ಕೇಳಿದ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಗೀಟು ಎಳೆದು ಮುಂದಿನ ಲೆಕ್ಕಕ್ಕೆ ಹೋದವರು.

ಅವರ ಮಗ ಮಾಡಿದಂಥದೇ ಒಂದು ಲೆಕ್ಕ ತೆಗೆದುಕೊಳ್ಳೋಣ. ಆಯತಾಕಾರದ ಒಂದು ಸೈಟು ಇದೆ. ಉದ್ದ ಅಗಲಕ್ಕಿಂತ 7 ಮೀಟರ್ ಹೆಚ್ಚು. ವಿಸ್ತೀರ್ಣ 120 ಚದರ ಮೀಟರ್. (ನಮ್ಮ ಮೂವತ್ತು-ನಲವತ್ತರ ಸೈಟಿಗಿಂತ ಚೂರು ದೊಡ್ಡದು.) ಹಾಗಾದರೆ ಅಗಲವೆಷ್ಟು? ಅಗಲವನ್ನು 'ಅ' ಎನ್ನೋಣ. ಮಕ್ಕಳು ಬೇಕಾದರೆ ಎಕ್ಸ್ ಎಂದೇ ಬರೆದುಕೊಳ್ಳಲಿ. ಆಗ ಉದ್ದ ಅ + 7. ಎರಡನ್ನೂ ಗುಣಿಸಿದರೆ 120 ಬರಬೇಕು. ಅಂದರೆ ಅ² + 7ಅ − 120 = 0. ಇನ್ನು ಮಧ್ಯದ ಪದವನ್ನು ಒಡೆಯಬೇಕು. ಗುಣಿಸಿದರೆ 120, ಕಳೆದರೆ 7 ಬರುವ ಎರಡು ಸಂಖ್ಯೆಗಳು 15 ಮತ್ತು 8. ಆದ್ದರಿಂದ (ಅ + 15)(ಅ − 8) = 0. ಉತ್ತರ 8, ಇಲ್ಲವೇ −15.

ಮಗ −15ರ ಮೇಲೆ ಗೀಟು ಎಳೆಯುತ್ತಾನೆ. ಎಳೆಯುವ ಮೊದಲು ಅದನ್ನು ಒಮ್ಮೆ ಸಮೀಕರಣಕ್ಕೆ ಹಾಕಿ ನೋಡಲಿ. ಅಗಲ −15 ಆದರೆ ಉದ್ದ −15 + 7, ಅಂದರೆ −8. ಎರಡನ್ನೂ ಗುಣಿಸಿದರೆ 120! ಲೆಕ್ಕ ಸರಿಯಾಗಿಯೇ ಇದೆ. ಸಮೀಕರಣ ಸುಳ್ಳು ಹೇಳಿಲ್ಲ. ನಾವು ಅದಕ್ಕೆ ಹೇಳಿದ್ದೇನು? 'ಏಳು ವ್ಯತ್ಯಾಸವಿರುವ ಎರಡು ಸಂಖ್ಯೆಗಳ ಗುಣಲಬ್ಧ 120, ಅವನ್ನು ಹುಡುಕು' ಎಂದು. ಅದು ಹುಡುಕಿ ಕೊಟ್ಟಿತು, ಇರುವ ಎರಡೂ ಜೋಡಿಗಳನ್ನು ಕೊಟ್ಟಿತು. ಅದಕ್ಕೆ ಸೈಟು ಗೊತ್ತಿಲ್ಲ, ಬೇಲಿ ಗೊತ್ತಿಲ್ಲ, ಟೇಪು ಹಿಡಿದು ಅಳೆಯುವುದು ಗೊತ್ತಿಲ್ಲ. ಪ್ರಶ್ನೆ ಸೈಟಿನ ಬಗ್ಗೆ ಇರದೆ ಬರೀ ಎರಡು ಸಂಖ್ಯೆಗಳ ಬಗ್ಗೆ ಇದ್ದಿದ್ದರೆ −15ರ ಮೇಲೆ ಗೀಟು ಎಳೆದವನೇ ತಪ್ಪಿತಸ್ಥ. ಹಾಗಾಗಿ 'ಮೈನಸ್ ಬಂದರೆ ಹೊಡೆದುಹಾಕು' ಎಂಬುದು ನಿಯಮವೇ ಅಲ್ಲ. ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಪ್ರಶ್ನೆ, ಸಮೀಕರಣವಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳುತ್ತಿದ್ದೇನಲ್ಲ, ನನಗೆ ಇದನ್ನು ಕಲಿಸಿದ್ದು ಬಿಎಸ್ಸಿಯೂ ಅಲ್ಲ, ಬಿಎಡ್ಡೂ ಅಲ್ಲ. 1998ರ ಮಾತು. ನಾನು ಕೆಲಸಕ್ಕೆ ಸೇರಿ ಮೂರು ನಾಲ್ಕು ವರ್ಷವಾಗಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆ ನಾನೇ ತಯಾರಿಸಿದ್ದೆ. ಪಠ್ಯಪುಸ್ತಕದ ಲೆಕ್ಕಗಳನ್ನೇ ಕೊಟ್ಟರೆ ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ ಎಂದು ಭಾಸ್ಕರಾಚಾರ್ಯರ 'ಬೀಜಗಣಿತ'ದಿಂದ ಒಂದು ಲೆಕ್ಕ ಎತ್ತಿಕೊಂಡೆ. ಕಪಿಗಳ ಒಂದು ಹಿಂಡು. ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕಪಿಗಳು ತೋಪಿನಲ್ಲಿ ಕುಣಿದಾಡುತ್ತಿವೆ. ಉಳಿದ ಹನ್ನೆರಡು ಗುಡ್ಡದ ಮೇಲೆ ಕಿಚಕಿಚ ಎನ್ನುತ್ತ ಕುಳಿತಿವೆ. ಒಟ್ಟು ಎಷ್ಟು? ನಾಲ್ಕು ಅಂಕ.

ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂತು. ಪಕ್ಕದಲ್ಲಿ ಒಂದು ಚೀಟಿಯಲ್ಲಿ ಉತ್ತರಗಳನ್ನು ಬರೆದಿಟ್ಟುಕೊಂಡಿದ್ದೆ. ಈ ಲೆಕ್ಕದ ಮುಂದೆ 48 ಎಂದಿತ್ತು. ಎಷ್ಟೋ ವರ್ಷದಿಂದ ತಲೆಯಲ್ಲಿ ಕೂತಿದ್ದ ಸಂಖ್ಯೆ ಅದು. ಚೀಟಿ ಬರೆಯುವಾಗ ಮತ್ತೆ ಬಿಡಿಸುವ ಗೋಜಿಗೆ ಹೋಗಿರಲಿಲ್ಲ. ಒಬ್ಬ ಹುಡುಗಿ 16 ಎಂದು ಬರೆದಿದ್ದಳು. ಸಮೀಕರಣವಿಲ್ಲ, ಸೂತ್ರವಿಲ್ಲ, ನಾಲ್ಕೇ ಸಾಲು. ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ ಸೊನ್ನೆ ಕೊಟ್ಟೆ. ಒಟ್ಟು ಕೂಡಿಸಿದಾಗ ಅವಳಿಗೆ ನೂರಕ್ಕೆ 32 ಬಂತು. ಪಾಸಾಗಲು 35 ಬೇಕು. ಪ್ರಗತಿ ಪತ್ರದಲ್ಲಿ ಗಣಿತದ ಕೆಳಗೆ ಕೆಂಪು ಗೆರೆ ಬಿತ್ತು.

ಉತ್ತರಪತ್ರಿಕೆ ಕೊಟ್ಟ ಮೂರು ದಿನದ ಮೇಲೆ ಆಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅಂಕ ಕೇಳಲು ಬಂದಿದ್ದಾಳೆ ಎಂದುಕೊಂಡು, "ಏನಮ್ಮ, ಕೂಡಿದ್ದು ತಪ್ಪಾಗಿದೆಯಾ?" ಎಂದೆ.

"ಇಲ್ಲ ಸಾರ್. 16 ಯಾಕೆ ತಪ್ಪು ಅಂತ ಕೇಳಬೇಕಿತ್ತು."

"ಉತ್ತರ 48 ಅಲ್ಲವೇನಮ್ಮ?"

"ಇರಬಹುದು ಸಾರ್. ಆದರೆ 16 ಯಾಕೆ ತಪ್ಪು? ನಾನು ತಾಳೆ ನೋಡಿದ್ದೀನಿ."

ನೋಡಿದ್ದಳು. ಹದಿನಾರರ ಎಂಟನೇ ಒಂದು ಭಾಗ ಎರಡು. ಎರಡರ ವರ್ಗ ನಾಲ್ಕು. ತೋಪಿನಲ್ಲಿ ನಾಲ್ಕು, ಗುಡ್ಡದ ಮೇಲೆ ಹನ್ನೆರಡು, ಒಟ್ಟು ಹದಿನಾರು. ಒಂದು ಕಪಿಯೂ ಹೆಚ್ಚಿಲ್ಲ, ಒಂದು ಕಪಿಯೂ ಕಡಿಮೆಯಿಲ್ಲ. ನಾನು ಕೂತಲ್ಲೇ ಸಮೀಕರಣ ಬರೆದು ನೋಡಿದೆ. ಕ² − 64ಕ + 768 = 0. ಕೂಡಿದರೆ 64, ಗುಣಿಸಿದರೆ 768 ಬರುವ ಸಂಖ್ಯೆಗಳು 48 ಮತ್ತು 16. ಎರಡೂ ಧನ ಸಂಖ್ಯೆಗಳೇ. 48ರ ಎಂಟನೇ ಒಂದು ಭಾಗ 6, ಅದರ ವರ್ಗ 36, ಜೊತೆಗೆ 12, ಒಟ್ಟು 48. ಅದೂ ಸರಿ, ಇದೂ ಸರಿ. ಭಾಸ್ಕರರು ಎರಡನ್ನೂ ಒಪ್ಪಿಕೊಂಡಿದ್ದಾರೆ. ಒಪ್ಪದಿದ್ದವನು ನಾನು, ಒಂದು ಚೀಟಿಯನ್ನು ನಂಬಿ.

ಹೇಗೆ ಮಾಡಿದೆ ಎಂದು ಕೇಳಿದೆ. "ಎಂಟರಲ್ಲಿ ಭಾಗ ಹೋಗಬೇಕಲ್ಲ ಸಾರ್, ಅರ್ಧ ಕಪಿ ಬರಬಾರದು. ಮೊದಲು 8 ನೋಡಿದೆ, ಆಗಲಿಲ್ಲ. ಆಮೇಲೆ 16 ನೋಡಿದೆ, ಆಯಿತು" ಎಂದಳು. ಅಲ್ಲಿಗೇ ನಿಲ್ಲಿಸಿದ್ದಳು. ಹೀಗೇ ಎಂಟೆಂಟು ಏರುತ್ತ ಹೋಗಿದ್ದರೆ 24, 32, 40 ದಾಟಿ 48ರಲ್ಲಿ ಎರಡನೆಯ ಉತ್ತರವೂ ಸಿಗುತ್ತಿತ್ತು. ಅವಳು ಒಂದು ಉತ್ತರ ಬಿಟ್ಟಿದ್ದಳು, ನಾನು ಇನ್ನೊಂದು ಬಿಟ್ಟಿದ್ದೆ. ಒಂದೇ ವ್ಯತ್ಯಾಸ, ಅವಳು ತಾಳೆ ನೋಡಿದ್ದಳು, ನಾನು ನೋಡಿರಲಿಲ್ಲ.

ಪ್ರಗತಿ ಪತ್ರ ವಾಪಸು ತರಲು ಹೇಳಿದಾಗ, "ಅಪ್ಪ ಸಹಿ ಹಾಕಿಬಿಟ್ಟಿದ್ದಾರೆ ಸಾರ್" ಎಂದಳು. ಸಹಿಯ ಜೊತೆಗೆ ಮನೆಯಲ್ಲಿ ಇನ್ನೇನು ನಡೆಯಿತೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಾಲ್ಕಕ್ಕೆ ಮೂರು ಕೊಟ್ಟೆ. 32 ಇದ್ದದ್ದು 35 ಆಯಿತು. ಮುಖ್ಯೋಪಾಧ್ಯಾಯರ ಮುಂದೆ ನಿಂತು, ತಿದ್ದುಪಡಿಯ ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಎರಡು ಉತ್ತರಗಳಲ್ಲಿ ಒಂದನ್ನು ಮಾತ್ರ ಕೊಟ್ಟವಳಿಗೆ ನ್ಯಾಯವಾಗಿ ಎರಡೇ ಅಂಕ ಸಲ್ಲಬೇಕಿತ್ತಲ್ಲವೇ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುವುದುಂಟು. ಆದರೆ 48 ಎಂದು ಬರೆದವರೂ ಒಂದನ್ನೇ ಕೊಟ್ಟಿದ್ದರು, ಅವರಿಗೆ ನಾನು ಪೂರ್ತಿ ನಾಲ್ಕು ಕೊಟ್ಟಿದ್ದೆ!

ಆ ಭಾನುವಾರ ಕುಳಿತು 'ಬೀಜಗಣಿತ'ದ ಆ ಭಾಗವನ್ನು ಮತ್ತೆ ಓದಿದೆ. ಭಾಸ್ಕರರು ಹುಟ್ಟಿದ್ದು 1114ರಲ್ಲಿ. 'ಲೀಲಾವತಿ', 'ಬೀಜಗಣಿತ' ಎರಡನ್ನೂ ಒಳಗೊಂಡ 'ಸಿದ್ಧಾಂತ ಶಿರೋಮಣಿ'ಯನ್ನು ಮುಗಿಸಿದ್ದು 1150ರಲ್ಲಿ. ಮೊದಲ ಕಪಿಗಳ ಲೆಕ್ಕದ ಬೆನ್ನಿಗೇ ಇನ್ನೊಂದು ಕಪಿಗಳ ಲೆಕ್ಕವಿದೆ, ನಾನು ಅದನ್ನು ಗಮನವಿಟ್ಟು ನೋಡಿರಲಿಲ್ಲ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಬಂದದ್ದರ ವರ್ಗದಷ್ಟು ಕಪಿಗಳು ಗುಹೆಯೊಳಕ್ಕೆ ಹೋದವು. ಒಂದು ಮಾತ್ರ ಕೊಂಬೆ ಏರಿ ಕುಳಿತದ್ದು ಕಾಣುತ್ತಿದೆ. ಒಟ್ಟು ಎಷ್ಟು? ಸಮೀಕರಣ ಬಿಡಿಸಿದರೆ ಕ² − 55ಕ + 250 = 0. ಉತ್ತರ 50 ಮತ್ತು 5. ಇಲ್ಲಿಯೂ ಎರಡೂ ಧನ ಸಂಖ್ಯೆಗಳೇ.

ತಾಳೆ ನೋಡೋಣ. ಐವತ್ತರ ಐದನೇ ಒಂದು ಭಾಗ 10. ಮೂರು ಕಳೆದರೆ 7. ವರ್ಗ 49. ಕೊಂಬೆಯ ಮೇಲಿನದು ಸೇರಿ 50. ಸರಿ. ಇನ್ನು ಐದು. ಐದರ ಐದನೇ ಒಂದು ಭಾಗ 1. ಮೂರು ಕಳೆದರೆ −2. ಅದರ ವರ್ಗ 4. ಕೊಂಬೆಯ ಮೇಲಿನದು ಸೇರಿ 5. ಅಂಕೆಗಳಲ್ಲಿ ಇದೂ ಸರಿ! ಆದರೆ ಒಂದು ಕಪಿಯಿಂದ ಮೂರು ಕಪಿಗಳನ್ನು ಕಳೆಯುವುದು ಹೇಗೆ? ಉಳಿದ 'ಮೈನಸ್ ಎರಡು ಕಪಿ'ಗಳನ್ನು ಎಲ್ಲಿ ನಿಲ್ಲಿಸುವುದು? ಭಾಸ್ಕರರು ಐದನ್ನು ಬಿಟ್ಟುಬಿಡುತ್ತಾರೆ. ಋಣವಾದ ಕಪಿಗಳನ್ನು ಲೋಕ ಒಪ್ಪುವುದಿಲ್ಲ ಎಂಬ ಅರ್ಥದ ಕಾರಣವನ್ನೂ ಕೊಡುತ್ತಾರೆ. ಮೊದಲ ಲೆಕ್ಕದಲ್ಲಿ ಎರಡನ್ನೂ ಇಟ್ಟುಕೊಂಡವರು ಮುಂದಿನ ಲೆಕ್ಕದಲ್ಲೇ ಒಂದನ್ನು ಬಿಟ್ಟರು. ಬೇಕೆಂದೇ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟಿರಬೇಕು ಎಂದು ಮೇಷ್ಟರಾದ ನನಗೆ ಅನ್ನಿಸುತ್ತದೆ.

ಹೀಗಾಗಿ ಪತ್ರ ಬರೆದ ಮಹನೀಯರು ಮಗನಿಗೆ ಇಷ್ಟು ಹೇಳಬಹುದು. ತಾಳೆ ನೋಡುವುದೆಂದರೆ ಉತ್ತರವನ್ನು ಸಮೀಕರಣದಲ್ಲಿ ಹಾಕಿ ಸೊನ್ನೆ ಬಂತು ಎಂದು ತೃಪ್ತಿಪಡುವುದಲ್ಲ. ಸಮೀಕರಣದಲ್ಲಿ −15 ಪಾಸಾಗುತ್ತದೆ, ಐದು ಕಪಿಯೂ ಪಾಸಾಗುತ್ತದೆ. ಪ್ರಶ್ನೆಯ ಮಾತುಗಳನ್ನು ಮತ್ತೊಮ್ಮೆ ಮೊದಲಿನಿಂದ ಓದುತ್ತ ಒಂದೊಂದು ಮಾತಿಗೂ ಉತ್ತರವನ್ನು ಹೊಂದಿಸಿ ನೋಡಬೇಕು. ಆ ಹುಡುಗಿ ಮಾಡಿದ್ದು ಅದನ್ನೇ.

ಕೆಲವೊಮ್ಮೆ ಉತ್ತರವೇ ಇರುವುದಿಲ್ಲ, ಅದೂ ಒಂದು ಉತ್ತರ. 40 ಮೀಟರ್ ತಂತಿಯಲ್ಲಿ 120 ಚದರ ಮೀಟರ್ ವಿಸ್ತೀರ್ಣದ ಆಯತಕ್ಕೆ ಬೇಲಿ ಹಾಕಿ ಎಂದರೆ? ಉದ್ದ ಅಗಲ ಸೇರಿ 20. ಸಮೀಕರಣ ಅ² − 20ಅ + 120 = 0. ಸೂತ್ರಕ್ಕೆ ಹಾಕಿದರೆ ವರ್ಗಮೂಲದ ಒಳಗೆ −80 ಬಂದು ಕೂರುತ್ತದೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾರೆ. (ಮುಂದೆ ಅದಕ್ಕೂ ಒಂದು ಸಂಖ್ಯಾಲೋಕ ಹುಟ್ಟಿಕೊಂಡಿತು, ಅದು ಪಿಯುಸಿಯವರ ಪಾಡು.) ತಂತಿಯನ್ನೇ ಹಿಡಿದು ನೋಡಿದರೂ ತಿಳಿಯುತ್ತದೆ. 10 ಮೀಟರಿನ ಚೌಕ ಮಾಡಿದರೆ 100 ಚದರ ಮೀಟರ್. ಆಯತದಲ್ಲಿ ಅದಕ್ಕಿಂತ ಹೆಚ್ಚು ಸಿಗುವುದೇ ಇಲ್ಲ. ದುಂಡಗೆ ಹಾಕಿದರೆ ಸುಮಾರು 127 ಸಿಕ್ಕೀತು, ಆದರೆ ಕೇಳಿದ್ದು ಆಯತ.

ರೇಖಾಗಣಿತದಲ್ಲಿ ತಾಳೆ ನೋಡುವುದು ಇನ್ನೂ ಸುಲಭ, ಏಕೆಂದರೆ ಅಲ್ಲಿ ಕಣ್ಣು ಸಹಾಯಕ್ಕೆ ಬರುತ್ತದೆ. 'ಲೀಲಾವತಿ'ಯಲ್ಲಿ ಮುರಿದ ಬಿದಿರಿನ ಲೆಕ್ಕವಿದೆ. ಸಮತಟ್ಟಾದ ನೆಲದಲ್ಲಿ 32 ಮೊಳದ ಬಿದಿರು ನಿಂತಿದೆ. ಗಾಳಿಗೆ ಮುರಿದು ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿತು. ಎಷ್ಟು ಎತ್ತರದಲ್ಲಿ ಮುರಿಯಿತು? ನೇರವಾಗಿ ನಿಂತ ತುಂಡು 'ಎ' ಆದರೆ ವಾಲಿದ ತುಂಡು 32 − ಎ. ನೆಲದೊಂದಿಗೆ ಲಂಬಕೋನ ತ್ರಿಭುಜ ಏರ್ಪಟ್ಟಿತು. ಎ² + 16² = (32 − ಎ)². ಬಲಗಡೆಯದನ್ನು ವಿಸ್ತರಿಸಿದರೆ 1024 − 64ಎ + ಎ². ಎರಡೂ ಕಡೆಯ ಎ² ಹೊಡೆದುಹೋಗಿ 64ಎ = 768, ಎ = 12. ಹನ್ನೆರಡು ಮೊಳ ನಿಂತಿದೆ, ಇಪ್ಪತ್ತು ಮೊಳ ವಾಲಿದೆ. 144ಕ್ಕೆ 256 ಕೂಡಿದರೆ 400, ಅದು ಇಪ್ಪತ್ತರ ವರ್ಗ.

ಪ್ರತಿ ವರ್ಷ ತರಗತಿಯ ಅರ್ಧದಷ್ಟು ಮಕ್ಕಳು (32 − ಎ)² ಎಂಬುದನ್ನು 1024 − ಎ² ಎಂದು ಬರೆಯುತ್ತಾರೆ. ಎಷ್ಟು ಸಲ ಹೇಳಿದರೂ ಬರೆಯುತ್ತಾರೆ. ಹಾಗೆ ಮಾಡಿದರೆ ಎ² = 384, ಎ ಸುಮಾರು 19.6. ನಾನು ಬೈಯುವುದನ್ನು ಬಿಟ್ಟು ಬಹಳ ಕಾಲವಾಯಿತು. "ಚಿತ್ರ ಬರಿ" ಎನ್ನುತ್ತೇನೆ. ನಿಂತ ತುಂಡು 19.6, ಹಾಗಾದರೆ ವಾಲಿದ ತುಂಡು 12.4 ಮಾತ್ರ. ಬುಡದಿಂದ ತುದಿಗೆ ನೆಲದ ಮೇಲೆಯೇ 16 ಮೊಳವಿದೆ. 19.6 ಮೊಳ ಎತ್ತರದಿಂದ ಇಳಿಯಬೇಕಾದ 12.4 ಮೊಳದ ತುಂಡು ನೆಲಕ್ಕೇ ತಲುಪುವುದಿಲ್ಲ, ಇನ್ನು 16 ಮೊಳ ದೂರಕ್ಕೆ ಹೋಗುವುದೆಲ್ಲಿ? ಲಂಬಕೋನ ತ್ರಿಭುಜದಲ್ಲಿ ಕರ್ಣವೇ ಅತಿ ಉದ್ದದ ಬಾಹು ಎಂಬ ಪಾಠ ಅಲ್ಲಿ ಜ್ಞಾಪಕಕ್ಕೆ ಬರುತ್ತದೆ. ಮನೆಯಲ್ಲಿ ತೆಂಗಿನಗರಿಯ ಹಸಿ ಕಡ್ಡಿ ಇದ್ದರೆ 32 ಸೆಂಟಿಮೀಟರಿಗೆ ಕತ್ತರಿಸಿ, 12ರಲ್ಲಿ ಬಗ್ಗಿಸಿ, ತುದಿಯನ್ನು ಮೇಜಿಗೆ ತಾಗಿಸಿ ನೋಡಿ. ಸ್ಕೇಲಿನಲ್ಲಿ 16 ತೋರಿಸುತ್ತದೆ.

ಸಂಭವನೀಯತೆಯ ಲೆಕ್ಕಕ್ಕೆ ಬಂದಾಗ ಮಾತ್ರ ತಾಳೆ ನೋಡುವುದು ಹೇಗೆಂದು ದೊಡ್ಡವರೂ ತಡವರಿಸುತ್ತಾರೆ. ಎರಡು ನಾಣ್ಯ ಚಿಮ್ಮಿದರೆ ಒಂದಾದರೂ ಹೆಡ್ ಬೀಳುವ ಸಂಭವನೀಯತೆ ಎಷ್ಟು? (ಪುಸ್ತಕದಲ್ಲಿ ಶಿರ, ಪುಚ್ಛ ಎಂದಿರುತ್ತದೆ; ಮಕ್ಕಳ ಬಾಯಲ್ಲಿ ಹೆಡ್ಡು, ಟೇಲು.) ತರಗತಿಯಲ್ಲಿ ಯಾರಾದರೊಬ್ಬರು "ಮೂರನೇ ಎರಡು ಸಾರ್" ಎಂದೇ ಎನ್ನುತ್ತಾರೆ. ಎರಡೂ ಹೆಡ್, ಒಂದು ಹೆಡ್ ಒಂದು ಟೇಲ್, ಎರಡೂ ಟೇಲ್, ಹೀಗೆ ಮೂರು ಸಾಧ್ಯತೆ. ಅವುಗಳಲ್ಲಿ ಎರಡು ನಮ್ಮ ಪರ. ಕೇಳಲು ಸರಿಯಾಗಿಯೇ ಇದೆ. ಹೀಗೆ ಹೇಳಿದ ಹುಡುಗನನ್ನು ನಾನು ದಡ್ಡ ಎನ್ನುವುದಿಲ್ಲ, ಏಕೆಂದರೆ ಫ್ರಾನ್ಸಿನ ಮಹಾ ಗಣಿತಜ್ಞ ದಾಲಂಬೇರ್ ಇದೇ ಉತ್ತರ ಕೊಟ್ಟಿದ್ದರು. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಅವರ ಹೆಸರಿನ ತತ್ತ್ವ ಪರಿಚಿತ. ಪ್ಯಾರಿಸ್ಸಿನ ಪ್ರಸಿದ್ಧ ವಿಶ್ವಕೋಶಕ್ಕಾಗಿ 1754ರಲ್ಲಿ ಬರೆದ ಲೇಖನದಲ್ಲಿ ಅವರ ವಾದ ಹೀಗಿತ್ತು: ಮೊದಲ ಸಲವೇ ಹೆಡ್ ಬಿದ್ದರೆ ಆಟ ಮುಗಿಯಿತು, ಎರಡನೆಯ ಸಲ ಚಿಮ್ಮುವ ಅಗತ್ಯವೇ ಇಲ್ಲ. ಆದ್ದರಿಂದ ಹೆಡ್, ಟೇಲ್ ಆಮೇಲೆ ಹೆಡ್, ಟೇಲ್ ಆಮೇಲೆ ಟೇಲ್, ಮೂರೇ ಸಾಧ್ಯತೆ. ಉತ್ತರ ಮೂರನೇ ಎರಡು.

ತಪ್ಪಿರುವುದು ಎಣಿಕೆಯಲ್ಲಲ್ಲ, ಮೂರೂ ಸಮಾನ ಎಂದುಕೊಂಡದ್ದರಲ್ಲಿ. ಮೊದಲ ಸಲವೇ ಹೆಡ್ ಬೀಳುವುದು ಅರ್ಧದಷ್ಟು ಸಲ. ಉಳಿದ ಅರ್ಧವನ್ನು ಇನ್ನೆರಡು ಸಾಧ್ಯತೆಗಳು ಹಂಚಿಕೊಳ್ಳಬೇಕು, ತಲಾ ಕಾಲು ಭಾಗ. ಅರ್ಧಕ್ಕೆ ಕಾಲು ಕೂಡಿದರೆ ಮುಕ್ಕಾಲು. ನಮ್ಮ ಹುಡುಗನ 'ಒಂದು ಹೆಡ್ ಒಂದು ಟೇಲ್' ಎಂಬುದರಲ್ಲಿಯೂ ಎರಡು ಸಾಧ್ಯತೆಗಳು ಒಟ್ಟಿಗೆ ಅಡಗಿವೆ. ಇದು ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ. ಎರಡೂ ಒಂದೇ ಬಗೆಯ ನಾಣ್ಯವಾಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಒಂದು ರೂಪಾಯಿಯದೊಂದು, ಐದು ರೂಪಾಯಿಯದೊಂದು ನಾಣ್ಯ ಕೊಡಿ. ಒಂದು ರೂಪಾಯಿ ಹೆಡ್, ಐದು ರೂಪಾಯಿ ಟೇಲ್ ಬೀಳುವುದು ಬೇರೆ; ತಿರುಗುಮುರುಗಾಗಿ ಬೀಳುವುದು ಬೇರೆ. ಈಗ ನಾಲ್ಕು ಸಾಧ್ಯತೆ ಕಣ್ಣೆದುರಿಗೆ ಬಂದವು, ಮೂರು ನಮ್ಮ ಪರ.

ಆದರೂ ನಂಬದವರಿಗೆ ಇಲ್ಲಿಯೂ ತಾಳೆ ನೋಡಲು ದಾರಿಯಿದೆ: ಚಿಮ್ಮುವುದು. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರೂ ಜೋಡಿ ನಾಣ್ಯಗಳನ್ನು ಹತ್ತು ಹತ್ತು ಸಲ ಚಿಮ್ಮಲಿ. ಒಟ್ಟು 400 ಸಲ. ದಾಲಂಬೇರ್ ಹೇಳಿದ್ದು ಸರಿಯಾದರೆ ಒಂದಾದರೂ ಹೆಡ್ ಬಿದ್ದದ್ದು 267ರ ಆಸುಪಾಸಿನಲ್ಲಿರಬೇಕು, ಮುಕ್ಕಾಲು ಸರಿಯಾದರೆ 300ರ ಆಸುಪಾಸಿನಲ್ಲಿ. ಒಬ್ಬೊಬ್ಬರ ಹತ್ತನ್ನು ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಒಬ್ಬನಿಗೆ ಐದು, ಪಕ್ಕದವನಿಗೆ ಹತ್ತಕ್ಕೆ ಹತ್ತು. ಎಲ್ಲವನ್ನೂ ಹಲಗೆಯ ಮೇಲೆ ಕೂಡಿಸುತ್ತ ಹೋದಂತೆ ಮೊತ್ತ ತನ್ನ ಜಾಗಕ್ಕೆ ಬಂದು ನಿಲ್ಲುವುದನ್ನು ನೋಡಬೇಕು. ಗಲಾಟೆ ಆಗುತ್ತದೆ, ಪಕ್ಕದ ತರಗತಿಯ ಮೇಷ್ಟರು ಬಾಗಿಲಿಗೆ ಬಂದು ನೋಡುತ್ತಾರೆ, ನಾಲ್ಕಾರು ನಾಣ್ಯ ಡೆಸ್ಕಿನ ಸಂದಿಗೆ ಬಿದ್ದು ಹೋಗುತ್ತವೆ. ನಾನು ಪ್ರತಿ ವರ್ಷವೂ ಮಾಡಿಸುತ್ತೇನೆ.

ಒಂದು ಆಕ್ಷೇಪಣೆ ಬಂದೇ ಬರುತ್ತದೆ. ಮೂರು ಗಂಟೆಯ ಪರೀಕ್ಷೆಯಲ್ಲಿ ತಾಳೆ ನೋಡುತ್ತ ಕೂತರೆ ಪ್ರಶ್ನೆಪತ್ರಿಕೆ ಮುಗಿಯುವುದೆಂದು? ಬಿದಿರಿನ ಲೆಕ್ಕಕ್ಕೆ ತಾಳೆ ನೋಡಲು ಅರ್ಧ ನಿಮಿಷ ಸಾಕು, ಕಪಿಗಳಿಗೆ ಇನ್ನೂ ಕಡಿಮೆ. ನಮ್ಮ ಮಕ್ಕಳು ಕೊನೆಯ ಹತ್ತು ನಿಮಿಷವನ್ನು ಹೆಡಿಂಗುಗಳ ಕೆಳಗೆ ಬಣ್ಣದ ಗೆರೆ ಎಳೆಯಲು ಕಳೆಯುತ್ತಾರೆ. ಆ ಗೆರೆಗಳಿಗೆ ಅಂಕವಿಲ್ಲ. ಇನ್ನು ಮೌಲ್ಯಮಾಪನ ಮಾಡುವ ನನ್ನಂಥವರ ವಿಷಯ. ಆ ವರ್ಷದ ನಂತರ ನಾನು ಚೀಟಿಯಲ್ಲಿ ಉತ್ತರ ಮಾತ್ರ ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಪ್ರತಿ ಲೆಕ್ಕವನ್ನೂ ಮಕ್ಕಳ ಹಾಗೆ ಪೂರ್ತಿ ಬಿಡಿಸಿ, ಕೆಳಗೆ ತಾಳೆಯನ್ನೂ ಬರೆದಿಟ್ಟುಕೊಂಡೇ ಕೆಂಪು ಪೆನ್ನು ತೆಗೆಯುತ್ತೇನೆ. ಹೆಚ್ಚೆಂದರೆ ಒಂದು ಗಂಟೆಯ ಕೆಲಸ.

ಈ ವಾರದ ಲೆಕ್ಕ, 'ಲೀಲಾವತಿ'ಯಿಂದಲೇ. ಒಂಬತ್ತು ಮೊಳದ ಕಂಬ. ಅದರ ಬುಡದಲ್ಲಿ ಹಾವಿನ ಬಿಲ, ತುದಿಯಲ್ಲಿ ನವಿಲು. ಬಿಲದಿಂದ 27 ಮೊಳ ದೂರದಲ್ಲಿ ಹಾವು ತನ್ನ ಬಿಲದತ್ತ ಹರಿದು ಬರುತ್ತಿರುವುದನ್ನು ಕಂಡು ನವಿಲು ಓರೆಯಾಗಿ ಅದರ ಮೇಲೆ ಎರಗಿತು. ಎರಡೂ ಒಂದೇ ವೇಗದಲ್ಲಿ ಬಂದವು ಎಂದಾದರೆ, ಬಿಲದಿಂದ ಎಷ್ಟು ಮೊಳ ದೂರದಲ್ಲಿ ನವಿಲು ಹಾವನ್ನು ಹಿಡಿಯಿತು? ಬಿದಿರಿನ ಲೆಕ್ಕ ಅರ್ಥವಾದವರಿಗೆ ಇದು ಕಷ್ಟವಲ್ಲ. ಉತ್ತರವನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಿ. ತಾಳೆ ನೋಡಿದ ಸಾಲು ಅದರಲ್ಲಿ ಇರಲಿ, ಚಿತ್ರವಿದ್ದರೆ ಇನ್ನೂ ಸಂತೋಷ.